ಜಾಲತಾಣದ ಬೀಗದ ಕೈ ಯಾರ ಬಳಿ ಇದೆ?

ವ್ಯಾಪಾರಸ್ಥನ ಅಂಗಡಿಗೆ ಬೀದಿಯ ಕಡೆಗೆ ಒಂದು ಬಾಗಿಲಿರುವಂತೆ ಅಂತರಜಾಲದ ಕಡೆಗೂ ಒಂದು ಬಾಗಿಲಿರಬೇಕೆಂಬುದನ್ನು ಈಗ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಬೆಳಗಾವಿಯ ಫೌಂಡ್ರಿಯೊಂದರ ಎರಕದ ವಸ್ತುಗಳ ಪಟ್ಟಿಯನ್ನು ದೂರದ ಖರೀದಿದಾರನು ಮೊದಲು ನೋಡುವುದು ಜಾಲತಾಣದಲ್ಲಿ. ಮೈಸೂರಿನ ಅಗರಬತ್ತಿಗೂ ಚನ್ನಪಟ್ಟಣದ ಬಣ್ಣದ ಆಟಿಕೆಗೂ ಹೊರದೇಶಗಳ ವಿಚಾರಣೆಗಳು ಇದೇ ಮಾರ್ಗದಿಂದ ಬರುತ್ತವೆ. ಆದರೆ ಅಂಗಡಿಯ ಬೀಗದ ಕೈ ಎಲ್ಲಿದೆಯೆಂದು ಕೇಳಿದರೆ ಥಟ್ಟನೆ ಜೇಬಿನಿಂದ ತೆಗೆದು ತೋರಿಸುವ ಮಾಲೀಕರು, ಜಾಲತಾಣದ ಬೀಗದ ಕೈ ಎಲ್ಲಿದೆಯೆಂದು ಕೇಳಿದಾಗ ‘ಅದನ್ನೆಲ್ಲ ಒಬ್ಬ ಹುಡುಗ ನೋಡಿಕೊಳ್ಳುತ್ತಾನೆ’ ಎಂದುಬಿಡುತ್ತಾರೆ. ಆ ಹುಡುಗ ಕೆಲಸ ಬಿಟ್ಟು ಎರಡು ವರ್ಷ ಕಳೆದಿದ್ದರೂ ಉತ್ತರ ಮಾತ್ರ ಬದಲಾಗಿರುವುದಿಲ್ಲ.

ಇಂತಹ ಜಾಲತಾಣಗಳಲ್ಲಿ ಬಹುಪಾಲು ನಡೆಯುವುದು ಲಿನಕ್ಸ್ ಕಾರ್ಯಾಚರಣ ವ್ಯವಸ್ಥೆಯುಳ್ಳ ಸರ್ವರ್‌ಗಳ ಮೇಲೆ. ಲಿನಕ್ಸ್‌ಗೆ ಪರವಾನಗಿ ಶುಲ್ಕವಿಲ್ಲ. ನಮ್ಮಂತಹ ಸಣ್ಣ ಉದ್ಯಮಗಳಿಗೆ ಅದು ಒದಗಿಬಂದುದಕ್ಕೆ ಇದೂ ಒಂದು ಕಾರಣ. ಹೀಗೆ ಉಳಿಯುವ ಹಣವನ್ನು ಲಾಭದ ಖಾತೆಗೆ ಬರೆದುಕೊಳ್ಳದೆ ಕಾವಲಿನ ಬಾಬ್ತಿಗೆ ತೆಗೆದಿರಿಸಬೇಕು, ಮತ್ತು ಬೀಗದ ಕೈ ಮಾಲೀಕನ ಸ್ವಾಧೀನದಲ್ಲಿಯೇ ಇರಬೇಕು ಎಂಬುದು ಈ ಲೇಖನದ ವಾದ. ಸರ್ವರನ್ನು ಸ್ಥಾಪಿಸುವುದು ಒಂದು ಮಧ್ಯಾಹ್ನದ ಕೆಲಸ. ಅದನ್ನು ಕಾಯುವುದು ಅಂಗಡಿಯನ್ನು ಕಾಯುವಷ್ಟೇ ನಿತ್ಯದ ಕೆಲಸ.

ನಮ್ಮನ್ನು ಯಾರು ಲೂಟಿ ಮಾಡುತ್ತಾರೆ?

‘ನಮ್ಮದು ಸಣ್ಣ ವ್ಯವಹಾರ, ನಮ್ಮ ಸರ್ವರಿನಲ್ಲಿ ಏನಿದೆಯೆಂದು ಯಾರಾದರೂ ಬರುತ್ತಾರೆ?’ ಎಂಬ ಮಾತು ಸದಸ್ಯರಲ್ಲಿ ಸಾಮಾನ್ಯವಾಗಿದೆ. ಇದು ಮನೆಗಳ್ಳತನದ ಲೆಕ್ಕಾಚಾರ. ಅಂತರಜಾಲದಲ್ಲಿ ಇದು ನಡೆಯದು. ಅಲ್ಲಿ ದಾಳಿಕಾರನು ಮನೆಯನ್ನು ಆರಿಸಿಕೊಂಡು ಬರುವುದಿಲ್ಲ. ಅಂತರಜಾಲದ ಹಳೆಯ ವಿಳಾಸ ಪದ್ಧತಿಯಲ್ಲಿರುವ ಒಟ್ಟು ವಿಳಾಸಗಳು ಸುಮಾರು 429 ಕೋಟಿ. ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ಸಂಶೋಧಕರು 2013ರಲ್ಲಿ ಪ್ರಕಟಿಸಿದ ಜೀಮ್ಯಾಪ್ ಎಂಬ ತಂತ್ರಾಂಶವು, ಸೆಕೆಂಡಿಗೆ 1 ಗಿಗಾಬಿಟ್ ಸಂಪರ್ಕವುಳ್ಳ ಒಂದೇ ಗಣಕಯಂತ್ರದಿಂದ ಈ ಎಲ್ಲ ಸಾರ್ವಜನಿಕ ವಿಳಾಸಗಳ ಕದವನ್ನು 45 ನಿಮಿಷದೊಳಗೆ ತಟ್ಟಿ ಬರಬಲ್ಲುದೆಂದು ತೋರಿಸಿತು. ಹೀಗೆ ತಟ್ಟುವ ಕ್ರಮವಿಧಿಗಳಿಗೆ ದೊಡ್ಡ ಸಾಹುಕಾರ, ಸಣ್ಣ ವ್ಯಾಪಾರಿ ಎಂಬ ಭೇದವಿಲ್ಲ. ಹೊಸ ಸರ್ವರಿನ ದಾಖಲೆಯನ್ನು ತೆರೆದು ನೋಡಿದರೆ, ಅದು ಕಾರ್ಯಾರಂಭ ಮಾಡಿದ ದಿನವೇ ಅಪರಿಚಿತರು ಪಾಸ್‌ವರ್ಡ್‌ಗಳನ್ನು ಒಂದರ ಹಿಂದೊಂದರಂತೆ ಪರೀಕ್ಷಿಸಿರುವುದು ಸಾಮಾನ್ಯವಾಗಿ ಕಂಡುಬರುತ್ತದೆ.

ಒಳಹೊಕ್ಕವರಿಗೆ ನಮ್ಮ ದರಪಟ್ಟಿ ಬೇಕಾಗಿಲ್ಲ. ಬೇಕಾಗಿರುವುದು ನಮ್ಮ ಯಂತ್ರ ಮತ್ತು ನಮ್ಮ ಹೆಸರು. ಆ ಯಂತ್ರದಿಂದ ಅವರು ಲಕ್ಷಗಟ್ಟಲೆ ಕಳ್ಳ ಮಿಂಚಂಚೆಗಳನ್ನು ರವಾನಿಸುತ್ತಾರೆ. ಪರಿಣಾಮವಾಗಿ ನಮ್ಮ ಸಂಸ್ಥೆಯ ವಿಳಾಸ ಕಪ್ಪುಪಟ್ಟಿಗೆ ಸೇರಿ, ನಾವು ಕಳುಹಿಸಿದ ಕೊಟೇಶನ್ ಗ್ರಾಹಕನಿಗೆ ತಲುಪುವುದೇ ಇಲ್ಲ. ಶೋಧ ತಾಣಗಳು ‘ಈ ತಾಣ ಅಪಾಯಕಾರಿ’ ಎಂದು ಫಲಕ ಹಾಕುತ್ತವೆ. ಎಲ್ಲಕ್ಕಿಂತ ಕೆಟ್ಟದ್ದೆಂದರೆ, ಜಾಲತಾಣದಲ್ಲಿರುವ ಬ್ಯಾಂಕ್ ಖಾತೆಯ ವಿವರವನ್ನು ಸದ್ದಿಲ್ಲದೆ ಬದಲಾಯಿಸಿ, ಗ್ರಾಹಕನು ನಮಗೆಂದು ಕಳುಹಿಸಿದ ಹಣವನ್ನು ಬೇರೆಡೆಗೆ ತಿರುಗಿಸಬಹುದು. ಇಪ್ಪತ್ತು ವರ್ಷಗಳ ವಿಶ್ವಾಸ ಒಂದು ಬಿಲ್ಲಿನಲ್ಲಿ ಕಳೆದುಹೋಗುತ್ತದೆ.

ಮೊದಲು ಅಗತ್ಯವನ್ನು ಅಳೆಯಿರಿ

ಭದ್ರತೆಯ ಮೊದಲ ಪಾಠ ಸರ್ವರ್ ಕೊಳ್ಳುವ ಮೊದಲೇ ಆರಂಭವಾಗುತ್ತದೆ. ನಮ್ಮ ತಾಣವು ಏನು ಮಾಡಬೇಕು? ಸಂಸ್ಥೆಯ ಪರಿಚಯ, ಉತ್ಪನ್ನಗಳ ಪಟ್ಟಿ, ವಿಳಾಸ, ದೂರವಾಣಿ ಸಂಖ್ಯೆ ಇಷ್ಟೇ ಸಾಕೆಂದಾದರೆ ಸ್ಥಿರ ಪುಟಗಳೇ ಸಾಕು. ಅವುಗಳಿಗೆ ದತ್ತಸಂಚಯ ಬೇಕಿಲ್ಲ, ಪ್ಲಗಿನ್ ಬೇಕಿಲ್ಲ, ಒಳಪ್ರವೇಶದ ಪುಟವೂ ಬೇಕಿಲ್ಲ. ಇಲ್ಲದ ಬಾಗಿಲನ್ನು ಯಾರೂ ಒಡೆಯಲಾರರು. ಆದರೂ ಹತ್ತು ಪುಟದ ತಾಣಕ್ಕೆ ವರ್ಡ್‌ಪ್ರೆಸ್ ಹಾಕಿ, ಅದರ ಮೇಲೆ ಇಪ್ಪತ್ತು ಪ್ಲಗಿನ್‌ಗಳನ್ನು ಹೇರಿ ಕೊಡುವ ಗುತ್ತಿಗೆದಾರರು ಎಲ್ಲೆಡೆಯೂ ಇದ್ದಾರೆ. ವರ್ಡ್‌ಪ್ರೆಸ್ ಕೆಟ್ಟದ್ದೆಂದು ಇದರ ಅರ್ಥವಲ್ಲ. ಆದರೆ ಒಂದೊಂದು ಪ್ಲಗಿನ್ನೂ ಬೇರೆ ಬೇರೆ ಕೈಗಳಲ್ಲಿ ತಯಾರಾದ ಒಂದೊಂದು ಕಿಟಕಿ. ಅವುಗಳನ್ನು ಕಾಲಕಾಲಕ್ಕೆ ನೋಡಿಕೊಳ್ಳುವವರಿಲ್ಲದಿದ್ದರೆ ಇಡದಿರುವುದೇ ಲೇಸು.

ಬೇಡಿಕೆ ಪಡೆಯುವುದು, ಗ್ರಾಹಕರ ಖಾತೆ ನಡೆಸುವುದು, ದಾಸ್ತಾನಿನ ಲೆಕ್ಕವನ್ನು ತೋರಿಸುವುದು ಮುಂತಾದ ಕೆಲಸಗಳಿದ್ದಲ್ಲಿ ಸ್ವಂತ ಸರ್ವರ್ ಬೇಕಾದೀತು. ಅದನ್ನು ಕಾರ್ಖಾನೆಯ ಕಚೇರಿಯ ಮೂಲೆಯಲ್ಲಿ, ಲೆಕ್ಕಪತ್ರದ ಗಣಕಯಂತ್ರಗಳಿರುವ ಜಾಲದಲ್ಲಿಯೇ ಇರಿಸುವುದು ಸರಿಯಲ್ಲ. ವಿದ್ಯುತ್ ಕಡಿತ ಒಂದು ಕಾರಣ. ಅದಕ್ಕಿಂತ ದೊಡ್ಡ ಕಾರಣವೆಂದರೆ, ಸರ್ವರನ್ನು ಹೊಕ್ಕವನು ಪಕ್ಕದ ಲೆಕ್ಕದ ಯಂತ್ರಕ್ಕೂ ಹೆಜ್ಜೆಯಿಡುತ್ತಾನೆ. ಬಾಡಿಗೆಗೆ ದೊರೆಯುವ ವರ್ಚುವಲ್ ಸರ್ವರ್ ಸಣ್ಣ ಉದ್ಯಮಕ್ಕೆ ಸೂಕ್ತ. ಹಣ ಸಂದಾಯದ ಭಾಗವನ್ನಂತೂ ಅಧಿಕೃತ ಪಾವತಿ ಸಂಸ್ಥೆಗಳಿಗೇ ಬಿಡಬೇಕು. ಗ್ರಾಹಕರ ಕಾರ್ಡ್ ಸಂಖ್ಯೆಗಳನ್ನು ವ್ಯಾಪಾರಿಗಳು ತಮ್ಮಲ್ಲಿ ಉಳಿಸಿಕೊಳ್ಳಕೂಡದೆಂಬ ರಿಸರ್ವ್ ಬ್ಯಾಂಕಿನ ನಿರ್ಬಂಧ 2022ರ ಅಕ್ಟೋಬರ್ 1ರಿಂದ ಜಾರಿಯಲ್ಲಿದೆ.

ಬಾಗಿಲುಗಳ ಲೆಕ್ಕ

ಲಿನಕ್ಸ್ ಸರ್ವರಿನ ಸುರಕ್ಷತೆಯಲ್ಲಿ ಮಾಲೀಕನಿಗೆ ಅರ್ಥವಾಗದಂತಹ ಗೂಢ ವಿದ್ಯೆ ಏನೂ ಇಲ್ಲ. ಗೋದಾಮು ಕಟ್ಟುವವರು ಕೇಳುವ ಪ್ರಶ್ನೆಗಳನ್ನೇ ಇಲ್ಲಿಯೂ ಕೇಳಬೇಕು: ಬಾಗಿಲುಗಳೆಷ್ಟು, ಕೀಲಿ ಯಾರ ಬಳಿ, ಯಾರು ಯಾವ ಕೋಣೆಯವರೆಗೆ ಬರಬಹುದು?

ಸರ್ವರಿನ ಬಾಗಿಲುಗಳಿಗೆ ಪೋರ್ಟ್ ಎಂದು ಹೆಸರು. ಪ್ರತಿಯೊಂದಕ್ಕೂ ಒಂದು ಸಂಖ್ಯೆ. ಜಾಲತಾಣಕ್ಕೆ ಬೇಕಾದವು 80 ಮತ್ತು 443 ಎಂಬ ಎರಡು ಮಾತ್ರ. ನಿರ್ವಾಹಕನು ದೂರದಿಂದ ಒಳಬರಲು ಬಳಸುವ ಎಸ್‌ಎಸ್‌ಎಚ್‌ನ ಬಾಗಿಲು 22. ಮೈಎಸ್‌ಕ್ಯೂಎಲ್ ದತ್ತಸಂಚಯದ ಬಾಗಿಲಾದ 3306 ಹೊರಜಗತ್ತಿಗೆ ಎಂದಿಗೂ ತೆರೆದಿರಬಾರದು. ಫೈರ್‌ವಾಲ್ ಎಂಬ ಕಾವಲು ವ್ಯವಸ್ಥೆಯು ಲಿನಕ್ಸ್‌ನೊಂದಿಗೇ ಬರುತ್ತದೆ; ‘ಎಲ್ಲವನ್ನೂ ಮುಚ್ಚು, ಇವಿಷ್ಟನ್ನು ಮಾತ್ರ ತೆರೆ’ ಎಂದು ಅದಕ್ಕೆ ಆದೇಶಿಸುವುದು ಕೆಲವೇ ನಿಮಿಷಗಳ ಕೆಲಸ.

ಎರಡನೆಯದು ಕೀಲಿ. ಎಸ್‌ಎಸ್‌ಎಚ್ ಪ್ರವೇಶಕ್ಕೆ ಪಾಸ್‌ವರ್ಡ್ ಬದಲು ಕೀಲಿಜೋಡಿಯನ್ನು ಬಳಸುವುದು ಉತ್ತಮ. ಸಾರ್ವಜನಿಕ ಕೀಲಿ ಸರ್ವರಿನಲ್ಲಿರುತ್ತದೆ. ಖಾಸಗಿ ಕೀಲಿ ನಿರ್ವಾಹಕನ ಗಣಕಯಂತ್ರವನ್ನು ಬಿಟ್ಟು ಹೊರಗೆ ಹೋಗುವುದಿಲ್ಲ. ಆದುದರಿಂದ ಊಹಿಸಿ ಕದಿಯಲು ಏನೂ ಉಳಿಯುವುದಿಲ್ಲ. ಕೀಲಿ ಸರಿಯಾಗಿ ಕೆಲಸ ಮಾಡುತ್ತಿದೆಯೆಂದು ಇನ್ನೊಂದು ಕಿಟಕಿಯಿಂದ ಪ್ರವೇಶಿಸಿ ಖಚಿತಪಡಿಸಿಕೊಂಡ ಬಳಿಕವೇ ಪಾಸ್‌ವರ್ಡ್ ಪ್ರವೇಶವನ್ನು ನಿಲ್ಲಿಸತಕ್ಕದ್ದು. ಇಲ್ಲವಾದರೆ ಮನೆಯೊಡೆಯನೇ ಹೊರಗುಳಿದಾನು. ಸರ್ವಾಧಿಕಾರವುಳ್ಳ ‘ರೂಟ್’ ಖಾತೆಯಿಂದ ನೇರ ಪ್ರವೇಶವನ್ನು ಮುಚ್ಚಿ, ಒಬ್ಬೊಬ್ಬ ನಿರ್ವಾಹಕನಿಗೂ ಅವನವನ ಹೆಸರಿನ ಖಾತೆಯನ್ನು ಕೊಡಬೇಕು. ಆಗ ಯಾರು ಯಾವಾಗ ಬಂದರೆಂಬುದು ದಾಖಲೆಯಲ್ಲಿ ನಿಲ್ಲುತ್ತದೆ. ಕೆಲಸ ಬಿಟ್ಟವನ ಖಾತೆಯನ್ನು ಅಂದೇ ರದ್ದುಪಡಿಸುವುದೂ ಸುಲಭವಾಗುತ್ತದೆ. ಪದೇ ಪದೇ ತಪ್ಪು ಪ್ರಯತ್ನ ಮಾಡುವ ವಿಳಾಸಗಳನ್ನು ತಾನಾಗಿ ತಡೆಯುವ ಫೇಲ್‌ಟುಬ್ಯಾನ್ ಎಂಬ ಉಚಿತ ತಂತ್ರಾಂಶವನ್ನೂ ಜೊತೆಗಿರಿಸಬಹುದು.

ಮೂರನೆಯದು ಅನುಮತಿ. ಲಿನಕ್ಸ್‌ನಲ್ಲಿ ಪ್ರತಿಯೊಂದು ಕಡತಕ್ಕೂ ಯಾರು ಓದಬಹುದು, ಯಾರು ತಿದ್ದಬಹುದು, ಯಾರು ಚಾಲನೆಗೊಳಿಸಬಹುದು ಎಂಬ ಮೂರು ಅಂಕಿಗಳ ಗುರುತಿದೆ. ಸಾಮಾನ್ಯ ಕಡತಕ್ಕೆ 644, ಕಡತಕೋಶಕ್ಕೆ 755 ಸಾಕಾಗುತ್ತದೆ. ತಾಣದಲ್ಲಿ ಏನಾದರೂ ತೊಡಕು ಕಂಡೊಡನೆ ಅವಸರದಲ್ಲಿ 777 ಎಂದು ಕೊಟ್ಟು ಕೈತೊಳೆದುಕೊಳ್ಳುವ ಅಭ್ಯಾಸ ಅನೇಕರಲ್ಲಿದೆ. ಅದರ ಅರ್ಥ, ಆ ಯಂತ್ರದೊಳಗಿರುವ ಯಾರು ಬೇಕಾದರೂ ಏನು ಬೇಕಾದರೂ ಮಾಡಬಹುದು ಎಂದು. ತಿಜೋರಿಯ ಬಾಗಿಲು ಬಿಗಿಯಾಗಿದೆಯೆಂದು ಅದನ್ನೇ ಕಿತ್ತುಹಾಕುವುದಕ್ಕೂ ಇದಕ್ಕೂ ವ್ಯತ್ಯಾಸವಿಲ್ಲ.

ಇನ್ನು ಗ್ರಾಹಕನ ಮತ್ತು ತಾಣದ ನಡುವಣ ಸಂವಹನವನ್ನು ಗೂಢಲಿಪಿಯಲ್ಲಿರಿಸುವ ಪ್ರಮಾಣಪತ್ರ. 2015ರ ಡಿಸೆಂಬರ್‌ನಲ್ಲಿ ಸಾರ್ವಜನಿಕರಿಗೆ ತೆರೆದುಕೊಂಡ ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಸಂಸ್ಥೆ ಇದನ್ನು ಉಚಿತವಾಗಿ ನೀಡುತ್ತಿದೆ. ಆದುದರಿಂದ ಪ್ರಮಾಣಪತ್ರವಿಲ್ಲದಿರಲು ಖರ್ಚಿನ ನೆಪ ಹೇಳುವಂತಿಲ್ಲ. ಆದರೆ ಅವಧಿ ಮುಗಿದರೆ ಬ್ರೌಸರ್‌ಗಳು ಗ್ರಾಹಕನನ್ನು ಬಾಗಿಲಲ್ಲೇ ತಡೆಯುತ್ತವೆ. ಸಾರ್ವಜನಿಕ ಪ್ರಮಾಣಪತ್ರಗಳ ಗರಿಷ್ಠ ಅವಧಿಯನ್ನು ಹಂತಹಂತವಾಗಿ ತಗ್ಗಿಸಿ 2029ರ ಮಾರ್ಚ್ ವೇಳೆಗೆ 47 ದಿನಗಳಿಗೆ ಇಳಿಸಲು, ಪ್ರಮಾಣಪತ್ರ ಸಂಸ್ಥೆಗಳು ಮತ್ತು ಬ್ರೌಸರ್ ತಯಾರಕರ ವೇದಿಕೆ 2025ರಲ್ಲಿ ತೀರ್ಮಾನಿಸಿದೆ. ಕೈಯಿಂದ ನವೀಕರಿಸುವ ಕಾಲ ಮುಗಿಯಿತೆಂದೇ ಭಾವಿಸಿ, ತಾನಾಗಿ ನವೀಕರಣವಾಗುವ ವ್ಯವಸ್ಥೆಯನ್ನು ಈಗಲೇ ಮಾಡಿಸಿಕೊಳ್ಳುವುದು ಒಳಿತು.

ರಿಪೇರಿ ಮುಂದೂಡಿದವರ ಕಥೆ

ಇಷ್ಟೆಲ್ಲವನ್ನೂ ಸ್ಥಾಪನೆಯ ದಿನ ಮಾಡಿ ಮುಗಿಸಬಹುದು. ಕಷ್ಟವಿರುವುದು ಮರುದಿನದಿಂದ. ಅಮೆರಿಕದ ಸಾಲಮಾಹಿತಿ ಸಂಸ್ಥೆಯಾದ ಈಕ್ವಿಫ್ಯಾಕ್ಸ್‌ನ ಪ್ರಕರಣವನ್ನು ಪ್ರತಿಯೊಬ್ಬ ಉದ್ಯಮಿಯೂ ತಿಳಿದಿರಬೇಕು. ಅದು ಬಳಸುತ್ತಿದ್ದ ಅಪಾಚೆ ಸ್ಟ್ರಟ್ಸ್ ಎಂಬ ಮುಕ್ತ ತಂತ್ರಾಂಶದಲ್ಲಿ ದೋಷವೊಂದು ಪತ್ತೆಯಾಗಿ, 2017ರ ಮಾರ್ಚ್‌ನಲ್ಲಿಯೇ ಪರಿಹಾರವೂ ಉಚಿತವಾಗಿ ಬಿಡುಗಡೆಯಾಯಿತು. ಸಂಸ್ಥೆ ತನ್ನ ಒಂದು ತಾಣದಲ್ಲಿ ಅದನ್ನು ಅಳವಡಿಸಲಿಲ್ಲ. ಮೇ ತಿಂಗಳಲ್ಲಿ ಕಳ್ಳರು ಅದೇ ರಂಧ್ರದಿಂದ ಒಳಹೊಕ್ಕರು. ಜಾಲದ ಸಂಚಾರವನ್ನು ತಪಾಸಣೆ ಮಾಡಬೇಕಾಗಿದ್ದ ಉಪಕರಣದ ಪ್ರಮಾಣಪತ್ರದ ಅವಧಿ ತಿಂಗಳುಗಳ ಹಿಂದೆಯೇ ಮುಗಿದಿದ್ದುದರಿಂದ, ಜುಲೈ ಕೊನೆಯವರೆಗೆ ಯಾರಿಗೂ ಸುಳಿವು ಸಿಗಲಿಲ್ಲ. ಸುಮಾರು 14.7 ಕೋಟಿ ಜನರ ಮಾಹಿತಿ ಸೋರಿಹೋಯಿತು. 2019ರಲ್ಲಿ ಆ ಸಂಸ್ಥೆ ಕನಿಷ್ಠ 57.5 ಕೋಟಿ ಡಾಲರ್ ತೆರಲು ಒಪ್ಪಬೇಕಾಯಿತು. ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರೆಂಬ ಗಾದೆಗೆ ಇದಕ್ಕಿಂತ ದುಬಾರಿ ನಿದರ್ಶನ ಬೇಕಾಗಿಲ್ಲ.

ಡೆಬಿಯನ್, ಉಬುಂಟು ಮುಂತಾದ ಲಿನಕ್ಸ್ ಆವೃತ್ತಿಗಳಲ್ಲಿ ಭದ್ರತಾ ಪರಿಹಾರಗಳು ತಾವಾಗಿ ಅಳವಡಿಕೆಯಾಗುವ ಏರ್ಪಾಡಿದೆ, ಅದನ್ನು ಚಾಲನೆಯಲ್ಲಿಡಬೇಕು. ಆವೃತ್ತಿಗೂ ಆಯುಸ್ಸುಂಟು ಎಂಬುದನ್ನು ಮರೆಯಬಾರದು. ಎರಡು ವರ್ಷಕ್ಕೊಮ್ಮೆ ಬರುವ ಉಬುಂಟುವಿನ ದೀರ್ಘಾವಧಿ ಆವೃತ್ತಿಗೆ 5 ವರ್ಷ ಸಾಮಾನ್ಯ ಬೆಂಬಲ ದೊರೆಯುತ್ತದೆ. ಒಂದು ಕಾಲಕ್ಕೆ ಸರ್ವರ್‌ಗಳಲ್ಲಿ ಬಹಳ ಬಳಕೆಯಲ್ಲಿದ್ದ ಸೆಂಟ್‌ಓಎಸ್ 7ಕ್ಕೆ ಬೆಂಬಲ 2024ರ ಜೂನ್ 30ಕ್ಕೆ ನಿಂತುಹೋಯಿತು. ನಿಮ್ಮ ತಾಣ ಅದರ ಮೇಲೆಯೇ ನಡೆಯುತ್ತಿದ್ದರೆ ಹೊರನೋಟಕ್ಕೆ ಯಾವ ವ್ಯತ್ಯಾಸವೂ ಕಾಣದು. ಆದರೆ ಹೊಸದಾಗಿ ಪತ್ತೆಯಾಗುವ ಬಿರುಕುಗಳಿಗೆ ಉಚಿತವಾಗಿ ತೇಪೆ ಹಾಕುವವರು ಈಗ ಇಲ್ಲ. ಆಯುಧಪೂಜೆಯಂದು ಲೇತಿಗೂ ತಕ್ಕಡಿಗೂ ಎಣ್ಣೆ ಹಾಕಿ, ಒರೆಸಿ, ಕುಂಕುಮವಿಡುವ ನಾವು, ಹಗಲಿರುಳು ದುಡಿಯುವ ಸರ್ವರನ್ನು ವರ್ಷಕ್ಕೊಮ್ಮೆಯಾದರೂ ಕಣ್ಣೆತ್ತಿ ನೋಡಬಾರದೇ?

ಪುಕ್ಕಟೆ ಸಿಕ್ಕಿದ್ದನ್ನು ನಂಬಬಹುದೇ?

‘ಹಣ ಕೊಡದೆ ಬಂದ ತಂತ್ರಾಂಶಕ್ಕೆ ಜವಾಬ್ದಾರರು ಯಾರು?’ ಎಂದು ಕೇಳುವ ಸದಸ್ಯರೂ ಇದ್ದಾರೆ. ಪ್ರಶ್ನೆ ನ್ಯಾಯವಾದದ್ದೇ. 2024ರ ಮಾರ್ಚ್‌ನಲ್ಲಿ, ಲಿನಕ್ಸ್‌ನಲ್ಲಿ ವ್ಯಾಪಕವಾಗಿ ಬಳಕೆಯಾಗುವ ಎಕ್ಸ್‌ಜೆಡ್ ಎಂಬ ಸಣ್ಣ ತಂತ್ರಾಂಶದೊಳಗೆ, ಎರಡು ವರ್ಷಗಳಿಗೂ ಹೆಚ್ಚು ಕಾಲ ಸಹಕಾರಿಯಂತೆ ನಟಿಸಿ ವಿಶ್ವಾಸ ಗಳಿಸಿದವರೊಬ್ಬರು ಗುಪ್ತದ್ವಾರವನ್ನು ಸೇರಿಸಿದ್ದುದು ಬಯಲಾಯಿತು. ಅದನ್ನು ಪತ್ತೆಹಚ್ಚಿದವರು ಮೈಕ್ರೋಸಾಫ್ಟ್‌ನ ತಂತ್ರಜ್ಞ ಆಂಡ್ರೆಸ್ ಫ್ರಾಯಿಂಡ್. ಎಸ್‌ಎಸ್‌ಎಚ್ ಪ್ರವೇಶಕ್ಕೆ ಎಂದಿಗಿಂತ ಸುಮಾರು ಅರ್ಧ ಸೆಕೆಂಡು ಹೆಚ್ಚು ಹಿಡಿಯುತ್ತಿದೆಯೆಂದು ಸಂಶಯಗೊಂಡು ಅವರು ಮೂಲವನ್ನು ಕೆದಕಿದರು. ಪ್ರಮುಖ ಸ್ಥಿರ ಆವೃತ್ತಿಗಳಿಗೆ ಸೇರುವ ಮೊದಲೇ ಅಪಾಯ ತಪ್ಪಿತು.

ಈ ಪ್ರಸಂಗದಿಂದ ಎರಡು ಪಾಠಗಳನ್ನು ಕಲಿಯಬಹುದು. ಮುಕ್ತ ತಂತ್ರಾಂಶದಲ್ಲಿಯೂ ಮೋಸ ನಡೆಯಬಹುದು. ಆದರೆ ಒಳಗನ್ನು ತೆರೆದು ನೋಡುವ ಹಕ್ಕು ಎಲ್ಲರಿಗೂ ಇರುವುದರಿಂದ ಹೊರಗಿನವರೊಬ್ಬರು ಅದನ್ನು ಹಿಡಿಯುವುದೂ ಸಾಧ್ಯವಾಯಿತು. ಲೆಕ್ಕಪುಸ್ತಕವನ್ನು ಎಲ್ಲ ಪಾಲುದಾರರಿಗೂ ತೆರೆದಿಡುವ ಸಂಸ್ಥೆಯ ಬಗೆಗೆ ನಮಗಿರುವ ವಿಶ್ವಾಸದಂತಹ ವಿಶ್ವಾಸ ಇದು. ಪುಸ್ತಕ ತೆರೆದಿದ್ದರೆ ಸಾಲದು, ಯಾರಾದರೂ ಓದುತ್ತಿರಬೇಕು.

ಕಾನೂನಿನ ಮಾತು

ಭದ್ರತೆ ಈಗ ನಮ್ಮ ಇಷ್ಟಾನಿಷ್ಟಕ್ಕೆ ಬಿಟ್ಟ ವಿಷಯವಾಗಿ ಉಳಿದಿಲ್ಲ. ಕೇಂದ್ರ ಸರ್ಕಾರದ ಸರ್ಟ್-ಇನ್ ಸಂಸ್ಥೆಯು 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನಗಳು, ಅದೇ ವರ್ಷದ ಸೆಪ್ಟೆಂಬರ್ 25ರಿಂದ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳಿಗೂ ಅನ್ವಯವಾದವು. ಅವುಗಳ ಪ್ರಕಾರ ನಿರ್ದಿಷ್ಟ ಬಗೆಯ ಸೈಬರ್ ಘಟನೆಗಳನ್ನು ಗಮನಕ್ಕೆ ಬಂದ 6 ಗಂಟೆಯೊಳಗೆ ವರದಿ ಮಾಡಬೇಕು ಮತ್ತು ವ್ಯವಸ್ಥೆಯ ದಾಖಲೆಗಳನ್ನು 180 ದಿನಗಳ ಕಾಲ ಕಾಪಿಡಬೇಕು. ಇಲ್ಲೊಂದು ಸೂಕ್ಷ್ಮವಿದೆ. ಡೆಬಿಯನ್ ಮತ್ತು ಉಬುಂಟುಗಳಲ್ಲಿ ಅಪಾಚೆ ಅಥವಾ ಎಂಜಿನ್‌ಎಕ್ಸ್ ಸರ್ವರನ್ನು ಹಾಗೆಯೇ ಸ್ಥಾಪಿಸಿದರೆ, ದಿನವಹಿ ದಾಖಲೆಗಳಲ್ಲಿ 14ನ್ನು ಮಾತ್ರ ಉಳಿಸಿ ಹಳೆಯವನ್ನು ಅಳಿಸಿಹಾಕುತ್ತವೆ. ಸಂಖ್ಯೆಯೊಂದನ್ನು ಬದಲಾಯಿಸಿದರೆ ಸರಿಹೋಗುವ ವಿಷಯ, ಬದಲಾಯಿಸಬೇಕೆಂದು ತಿಳಿದಿರಬೇಕಷ್ಟೆ.

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿದ್ದು, ಹಂತಹಂತವಾಗಿ ಜಾರಿಗೆ ಬರುವಂತೆ ರೂಪಿತವಾಗಿವೆ. ಗ್ರಾಹಕರ ಮಾಹಿತಿಯನ್ನು ಕಾಪಾಡಲು ಯುಕ್ತ ಭದ್ರತಾ ಕ್ರಮ ಕೈಗೊಳ್ಳದಿದ್ದಲ್ಲಿ 250 ಕೋಟಿ ರೂಪಾಯಿಗಳವರೆಗೆ ದಂಡ ವಿಧಿಸಲು ಈ ಕಾಯ್ದೆಯಲ್ಲಿ ಅವಕಾಶವಿದೆ. ಸಣ್ಣ ವ್ಯಾಪಾರಿಗೆ ಗರಿಷ್ಠ ದಂಡವನ್ನೇ ವಿಧಿಸುತ್ತಾರೆಂದು ಹೆದರಬೇಕಾಗಿಲ್ಲ. ಆದರೆ ವಿಚಾರಣೆಯ ದಿನ ‘ಹುಡುಗ ನೋಡಿಕೊಳ್ಳುತ್ತಿದ್ದ’ ಎಂಬ ಉತ್ತರ ನಡೆಯಲಾರದು.

ಗುತ್ತಿಗೆದಾರನನ್ನು ಕೇಳಬೇಕಾದ ಆರು ಪ್ರಶ್ನೆಗಳು

ಮಾಲೀಕನು ಸ್ವತಃ ಲಿನಕ್ಸ್ ಕಲಿಯಬೇಕೆಂದು ಯಾರೂ ಹೇಳುವುದಿಲ್ಲ. ಲೆಕ್ಕಪರಿಶೋಧಕರಿಗೆ ಸರಿಯಾದ ಪ್ರಶ್ನೆ ಕೇಳಲು ನಾವೇ ಲೆಕ್ಕಪರಿಶೋಧಕರಾಗಬೇಕಿಲ್ಲ. ಅಂತೆಯೇ ಜಾಲತಾಣ ನೋಡಿಕೊಳ್ಳುವವರನ್ನು ಈ ಆರು ಪ್ರಶ್ನೆಗಳನ್ನು ಕೇಳಿ, ಉತ್ತರವನ್ನು ಲಿಖಿತವಾಗಿ ಪಡೆದಿಟ್ಟುಕೊಳ್ಳಿ.

1. ತಾಣದ ಹೆಸರು ಯಾರ ಹೆಸರಿನಲ್ಲಿ ನೋಂದಣಿಯಾಗಿದೆ? ಗುತ್ತಿಗೆದಾರನ ಹೆಸರಿನಲ್ಲಿದ್ದರೆ ನಿಮ್ಮ ಅಂಗಡಿಯ ಬೋರ್ಡು ಅವನ ಸ್ವತ್ತು. ಅದನ್ನು ಸಂಸ್ಥೆಯ ಹೆಸರಿಗೆ ವರ್ಗಾಯಿಸಿಕೊಳ್ಳಿ.

2. ಸರ್ವರ್ ಬಾಡಿಗೆಯ ಖಾತೆ ಯಾರ ಮಿಂಚಂಚೆ ವಿಳಾಸಕ್ಕೆ ಸೇರಿದೆ? ಎರಡು ಹಂತದ ಪ್ರವೇಶ ಪರಿಶೀಲನೆ ಅದಕ್ಕಿದೆಯೇ?

3. ಯಾವ ಆವೃತ್ತಿಯ ಲಿನಕ್ಸ್ ಇದೆ, ಅದರ ಬೆಂಬಲ ಯಾವ ದಿನಾಂಕಕ್ಕೆ ಮುಗಿಯುತ್ತದೆ?

4. ಒಳಪ್ರವೇಶದ ಅಧಿಕಾರ ಇಂದು ಯಾರು ಯಾರಿಗಿದೆ? ಬಿಟ್ಟುಹೋದವರ ಖಾತೆಗಳನ್ನು ರದ್ದುಪಡಿಸಲಾಗಿದೆಯೇ?

5. ಬ್ಯಾಕಪ್ ಎಲ್ಲಿದೆ? ಅದೇ ಸರ್ವರಿನಲ್ಲಿದ್ದರೆ ಅದು ಬ್ಯಾಕಪ್ ಎನಿಸಿಕೊಳ್ಳದು. ಮೂರು ಪ್ರತಿಗಳು, ಎರಡು ಬಗೆಯ ಮಾಧ್ಯಮ, ಒಂದು ಪ್ರತಿ ಬೇರೆ ಸ್ಥಳದಲ್ಲಿ ಎಂಬುದು ಒಪ್ಪಿತ ಪದ್ಧತಿ. ಒಂದಾದರೂ ಜಾಲಕ್ಕೆ ಸಿಲುಕದಂತಿದ್ದರೆ, ಒತ್ತೆಹಣ ಕೇಳುವ ಕಳ್ಳನ ಕೈಗೆ ಅದು ಸಿಗುವುದಿಲ್ಲ.

6. ಆ ಬ್ಯಾಕಪ್‌ನಿಂದ ತಾಣವನ್ನು ಮತ್ತೆ ಕಟ್ಟಿ ನೋಡಿದ್ದು ಯಾವಾಗ? ಮೂರು ತಿಂಗಳಿಗೊಮ್ಮೆ ಹೀಗೆ ಪರೀಕ್ಷಿಸದ ಬ್ಯಾಕಪ್, ನಗದೀಕರಿಸಿ ನೋಡದ ಚೆಕ್ಕಿನಂತೆ.

ಎಷ್ಟೇ ಎಚ್ಚರವಿದ್ದರೂ ಆಪತ್ತು ಬಂದೀತು. ಹಣ ವಂಚನೆಯಾದಲ್ಲಿ ತಡಮಾಡದೆ ರಾಷ್ಟ್ರೀಯ ಸಹಾಯವಾಣಿ 1930ಕ್ಕೆ ಕರೆಮಾಡಿ, ಯಂತ್ರವನ್ನು ಜಾಲದಿಂದ ಬೇರ್ಪಡಿಸಿ, ದಾಖಲೆಗಳನ್ನು ಅಳಿಸಬೇಡಿ.

ವಾಣಿಜ್ಯ ಸಂಸ್ಥೆ ಮಾಡಬಹುದಾದದ್ದು

ಪ್ರತಿಯೊಂದು ಸಣ್ಣ ಘಟಕವೂ ನುರಿತ ಲಿನಕ್ಸ್ ನಿರ್ವಾಹಕನೊಬ್ಬನಿಗೆ ಪೂರ್ಣ ಸಂಬಳ ಕೊಟ್ಟು ಇರಿಸಿಕೊಳ್ಳುವುದು ಕಾರ್ಯಸಾಧ್ಯವಲ್ಲ. ಅಷ್ಟು ಕೆಲಸವೂ ಇರುವುದಿಲ್ಲ. ಆದರೆ ಕೈಗಾರಿಕಾ ವಸಾಹತಿನಲ್ಲಿ ಹಲವು ಘಟಕಗಳು ಸೇರಿ ರಾತ್ರಿಯ ಕಾವಲುಗಾರನನ್ನು ನೇಮಿಸಿಕೊಳ್ಳುವ ರೂಢಿ ನಮ್ಮಲ್ಲಿ ಹಳೆಯದು. ಅದೇ ರೀತಿಯಲ್ಲಿ ನಮ್ಮ ಸಂಸ್ಥೆಯು ಆಸಕ್ತ ಸದಸ್ಯರಿಂದ ವಂತಿಗೆ ಪಡೆದು, ಅರ್ಹ ನಿರ್ವಾಹಕರೊಬ್ಬರ ಸೇವೆಯನ್ನು ಸಾಮೂಹಿಕವಾಗಿ ಒದಗಿಸಬೇಕೆಂದು ಕಾರ್ಯಕಾರಿ ಸಮಿತಿಯನ್ನು ಒತ್ತಾಯಿಸುತ್ತೇನೆ. ತಿಂಗಳಿಗೊಮ್ಮೆ ತಪಾಸಣೆ, ವರ್ಷಕ್ಕೊಮ್ಮೆ ಲಿಖಿತ ವರದಿ, ಆಪತ್ತಿನ ವೇಳೆ ಕರೆದರೆ ದೊರೆಯುವ ಒಬ್ಬ ವ್ಯಕ್ತಿ, ಇಷ್ಟಾದರೂ ಸಾಕು.

ಇದಕ್ಕೊಂದು ಆಕ್ಷೇಪ ಬರುವುದು ಸಹಜ. ಪರಸ್ಪರ ಸ್ಪರ್ಧಿಗಳಾದ ಘಟಕಗಳ ಕೀಲಿಗಳೆಲ್ಲ ಒಬ್ಬನ ಕೈಯಲ್ಲಿದ್ದರೆ ಗತಿಯೇನು? ಆಕ್ಷೇಪಕ್ಕೆ ತೂಕವಿದೆ, ಅದಕ್ಕೆಂದೇ ಷರತ್ತುಗಳನ್ನು ಮೊದಲೇ ಬರೆಯಬೇಕು. ಪ್ರತಿ ಘಟಕಕ್ಕೂ ಪ್ರತ್ಯೇಕ ಕೀಲಿಜೋಡಿ, ಗೋಪ್ಯತೆಯ ಲಿಖಿತ ಒಪ್ಪಂದ, ನಿರ್ವಾಹಕನ ಪ್ರತಿ ಪ್ರವೇಶಕ್ಕೂ ದಾಖಲೆ, ಆ ದಾಖಲೆ ಮಾಲೀಕನಿಗೆ ತಲುಪುವ ವ್ಯವಸ್ಥೆ, ಯಾವ ಕ್ಷಣದಲ್ಲಾದರೂ ಪ್ರವೇಶವನ್ನು ಹಿಂತೆಗೆದುಕೊಳ್ಳುವ ಅಧಿಕಾರ ಇವು ಅಂತಹ ಷರತ್ತುಗಳು. ಇಂದು ಗುರುತುಪರಿಚಯವಿಲ್ಲದ ಗುತ್ತಿಗೆದಾರರ ಕೈಯಲ್ಲಿ ಯಾವ ಷರತ್ತೂ ಇಲ್ಲದೆ ಬಿದ್ದಿರುವ ಕೀಲಿಗಳಿಗಿಂತ ಈ ಏರ್ಪಾಡು ನೂರು ಪಾಲು ಮೇಲು.

ಕಾರ್ಯಕಾರಿ ಸಮಿತಿಯ ನಿರ್ಧಾರಕ್ಕೆ ಕಾಯುತ್ತ ಕುಳಿತಿರಬೇಕಾಗಿಲ್ಲ. ಮೇಲಿನ ಆರು ಪ್ರಶ್ನೆಗಳನ್ನು ಕೇಳಲು ಹಣ ಖರ್ಚಾಗುವುದಿಲ್ಲ. ಒಂದು ದೂರವಾಣಿ ಕರೆ ಸಾಕು. ಮೊದಲನೆಯ ಪ್ರಶ್ನೆಗೇ ಗುತ್ತಿಗೆದಾರರು ತಡವರಿಸಿದರೆ, ಉಳಿದ ಐದನ್ನು ಎಂದು ಕೇಳಬೇಕೆಂಬುದನ್ನು ಸದಸ್ಯ ಬಾಂಧವರೇ ನಿರ್ಧರಿಸಬಲ್ಲರು.